ಆಸಕ್ತಿಯ ಮಾತ್ರೆ ಬೇಡ, ಮೊದಲು ಕೊಬ್ಬರಿ ಎಣ್ಣೆಯ ಬಾಟಲಿಯನ್ನು ದೂರವಿಡಿ

ಯಾರ ಮೇಲೂ ಎಂದೂ ಆಸೆ ಹುಟ್ಟಿಲ್ಲ, ಆದರೆ ದುಡಿಮೆ ಲೈಂಗಿಕ ವೃತ್ತಿಯದೇ. ಆಸಕ್ತಿ ಹೆಚ್ಚಿಸುವ ಮಾತ್ರೆ ನುಂಗಿದರೆ ಗಿರಾಕಿಯ ಜೊತೆ ಮಲಗುವಾಗಿನ ನೋವು ಕಡಿಮೆಯಾಗುತ್ತದೆಯೇ ಎಂದು ನೀವು ಸಾಗರದಿಂದ ಕೇಳಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ಇದೇ ಪ್ರಶ್ನೆ ಹೊತ್ತು ನಾನು ಶಿವಮೊಗ್ಗದ ಒಂದು ಖಾಸಗಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತಿದ್ದೆ.

ನಾನು ತೀರ್ಥಹಳ್ಳಿ ಕಡೆಯವಳು. ಅಡಿಕೆ ಸುಲಿಯುವ ಕೆಲಸ ವರ್ಷಕ್ಕೆ ಕೆಲವೇ ತಿಂಗಳು, ಸಾಲದ ಬಡ್ಡಿ ಮಾತ್ರ ಹನ್ನೆರಡು ತಿಂಗಳೂ ಇದ್ದುದರಿಂದ ಪಟ್ಟಣಕ್ಕೆ ಬಂದು ಈ ವೃತ್ತಿ ಹಿಡಿದೆ. ಜೊತೆಯ ಹೆಂಗಸರು ಗಿರಾಕಿಗಳನ್ನು ಎಷ್ಟೇ ಬೈದುಕೊಂಡರೂ ಮನಸ್ಸಿಗೆ ಹಿಡಿಸಿದ ಒಬ್ಬನನ್ನು ಇಟ್ಟುಕೊಂಡಿರುತ್ತಿದ್ದರು. ನನಗೆ ಅದೂ ಬೇಕೆನಿಸಲಿಲ್ಲ. ಅವನೊಬ್ಬನ ಹತ್ತಿರ ಕಾಂಡೋಮ್ ಬಿಡುವುದರಿಂದಲೇ ಅವರಿಗೆ ಕಾಯಿಲೆ ತಗಲುತ್ತದೆ, ಅಂಥವನೇ ಇಲ್ಲದ ನನಗೆ ಏನಾಗುತ್ತದೆ ಎಂಬ ಧೈರ್ಯ ನನ್ನದಾಗಿತ್ತು.

ಆದರೆ ನೋವಿತ್ತು. ಮನಸ್ಸು ಒಲಿದಾಗ ಹೆಣ್ಣಿನ ಮೈ ತಾನಾಗಿ ಒದ್ದೆಯಾಗುತ್ತದೆ, ನನ್ನದು ಆಗುತ್ತಿರಲಿಲ್ಲ. ಒಣಗಿದ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಏಳುತ್ತವೆ, ಸೋಂಕಿಗೆ ಅವೇ ಬಾಗಿಲು. ಇದು ತಿಳಿಯದ ನಾನು ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಮಾಡುವ ಔಷಧವನ್ನೇ ಮಾಡಿದೆ: ಕೊಬ್ಬರಿ ಎಣ್ಣೆ. ಧನುರ್ಮಾಸದ ಚಳಿಗೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದ್ದ ಎಣ್ಣೆಯನ್ನು ಬಿಸಿನೀರಿನ ಚೊಂಬಿನಲ್ಲಿಟ್ಟು ಕರಗಿಸಿಕೊಳ್ಳುತ್ತಿದ್ದೆ. ನೋವು ನಿಂತಿತು, ಕಾಂಡೋಮ್ ಹರಿಯತೊಡಗಿತು. ಒಂದೇ ತಿಂಗಳಲ್ಲಿ ಮೂರು ಸಲ ಹರಿಯಿತು. ಸರ್ಕಾರ ಬಿಟ್ಟಿ ಕೊಡುವ ನಿರೋಧಿನ ಗುಣವೇ ಇಷ್ಟು ಎಂದು ಬೈದು, ಅಂಗಡಿಯಿಂದ ದುಬಾರಿಯದನ್ನು ತಂದೆ, ಅದೂ ಹರಿಯಿತು. ಎಣ್ಣೆಯ ಮೇಲೆ ಮಾತ್ರ ನನಗೆ ಅನುಮಾನ ಬರಲಿಲ್ಲ. ತಲೆಗೆ, ಒಡೆದ ಹಿಮ್ಮಡಿಗೆ, ಹಸುಗೂಸಿನ ಮೈಗೆ ಹಚ್ಚುವ ಎಣ್ಣೆ ಕೇಡು ಮಾಡೀತೆಂದು ಯಾರಿಗೆ ತಾನೇ ಹೊಳೆದೀತು?

ಆ ಕ್ಲಿನಿಕ್ಕಿನ ವೈದ್ಯರು ಹಾರ್ಮೋನಿನ ಮಾತ್ರೆ ಬರೆದು, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದರು. ನನ್ನ ವೃತ್ತಿಯನ್ನು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ, ರಕ್ತಪರೀಕ್ಷೆಯೂ ಆಗಲಿಲ್ಲ. ಮೂರು ತಿಂಗಳು ಮಾತ್ರೆ ನುಂಗಿ ದಪ್ಪಗಾದೆ, ಅಷ್ಟೆ.

ಕೊನೆಗೆ ಜೊತೆಯವಳೊಬ್ಬಳು ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ, ಎಳೆದುಕೊಂಡು ಹೋದಳು. ಎಚ್‌ಐವಿ ಇರಲಿಲ್ಲ, ಸಿಫಿಲಿಸ್ ಎಂಬ ಲೈಂಗಿಕ ಸೋಂಕು ಇತ್ತು. ಅದರ ಹುಣ್ಣು ನೋಯುವುದಿಲ್ಲ, ತಾನಾಗಿ ಮಾಯುತ್ತದೆ, ರೋಗ ಮಾತ್ರ ಮೈಯೊಳಗೆ ಉಳಿಯುತ್ತದೆ; ಯಾವಾಗ ತಗಲಿತ್ತೆಂದು ಗೊತ್ತಾಗದ ಕಾರಣ ವಾರಕ್ಕೊಮ್ಮೆಯಂತೆ ಮೂರು ವಾರ 24 ಲಕ್ಷ ಯೂನಿಟ್ ಪೆನ್ಸಿಲಿನ್ ಚುಚ್ಚಿಸಿಕೊಂಡು ಕುಂಟಿದೆ. ಅಲ್ಲಿನ ಆಪ್ತಸಮಾಲೋಚಕಿ ಎರಡು ಕಾಂಡೋಮುಗಳನ್ನು ಬಲೂನಿನಂತೆ ಊದಿ, ಒಂದಕ್ಕೆ ಜಾರಿಕೆಗೆಂದು ಹಚ್ಚುವ ನೀರಿನ ಅಂಶದ ಜೆಲ್ಲಿಯನ್ನೂ ಇನ್ನೊಂದಕ್ಕೆ ಕೊಬ್ಬರಿ ಎಣ್ಣೆಯನ್ನೂ ಸವರಿ ಮೇಜಿನ ಮೇಲಿಟ್ಟರು. ನಾವು ಮಾತನಾಡುತ್ತಿದ್ದಂತೆಯೇ ಎಣ್ಣೆಯದು ಟಪ್ಪೆಂದು ಒಡೆಯಿತು. ಲೇಟೆಕ್ಸ್ ಎಂದರೆ ರಬ್ಬರ್ ಮರದ ಹಾಲು. ಎಣ್ಣೆ ತಾಗಿದ ಕೆಲವೇ ನಿಮಿಷಗಳಲ್ಲಿ ಅದರ ಬಲ ಹೋಗುತ್ತದೆ. ವ್ಯಾಸಲೀನ್, ತುಪ್ಪ, ಮೈಗೆ ಹಚ್ಚುವ ಕ್ರೀಮು ಎಲ್ಲವೂ ಅದೇ ಜಾತಿ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ವಾಸಿ ಮಾಡಬೇಕಾದದ್ದು ಒಣಗುವಿಕೆಯನ್ನು, ನಿಮ್ಮನ್ನಲ್ಲ. ಹುಟ್ಟಿದಾಗಿನಿಂದ ಆಸೆಯೇ ಇಲ್ಲದಿರುವುದಕ್ಕೆ ಅಲೈಂಗಿಕತೆ ಎಂಬ ಹೆಸರಿದೆ; ತನ್ನನ್ನು ಹಾಗೆ ಗುರುತಿಸಿಕೊಂಡವರಿಗೆ ಆಸಕ್ತಿಯ ಕೊರತೆ ಎಂಬ ರೋಗದ ಚೀಟಿ ಅಂಟಿಸಬಾರದೆಂದು ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 2013ರಲ್ಲೇ ಹೇಳಿದೆ. ಮೊದಲು ಇದ್ದ ಆಸೆ ಈಗ ಹೋಗಿದ್ದರೆ ಮಾತು ಬೇರೆ; ಆಗ ಥೈರಾಯ್ಡ್ ತೋರಿಸಿ. ರಕ್ತ ಕಾಣಿಸಿದರೆ ಸ್ತ್ರೀರೋಗ ತಜ್ಞರಿಗೆ ತೋರಿಸಲೇಬೇಕು.

ಔಷಧದಂಗಡಿಯಲ್ಲಿ ನೀರಿನ ಅಂಶದ ಜೆಲ್ಲಿ ಕೇಳಿ ಪಡೆಯಿರಿ. ಮೂರು ತಿಂಗಳಿಗೊಮ್ಮೆ, ನೋವಿರಲಿ ಇಲ್ಲದಿರಲಿ, ಪರೀಕ್ಷೆ ಮಾಡಿಸಿ, ಏಕೆಂದರೆ ಹೆಂಗಸರಲ್ಲಿ ಗೊನೋರಿಯಾ, ಕ್ಲಮೈಡಿಯಾದಂಥ ಲೈಂಗಿಕ ಸೋಂಕುಗಳು ಎಷ್ಟೋ ಸಲ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಕಾಂಡೋಮ್ ಹರಿದರೆ ಬೆಳಗಾಗಲಿ ನೋಡೋಣ ಎನ್ನಬೇಡಿ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಗಳೊಳಗೆ, ಸಾಧ್ಯವಾದಷ್ಟು ಬೇಗ ಆರಂಭಿಸಿ 28 ದಿನ ನುಂಗಬೇಕು. ಎಚ್‌ಐವಿ ಪರೀಕ್ಷೆಯನ್ನು ನಿಮ್ಮ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ ಎಂದು 2017ರ ಎಚ್‌ಐವಿ ಕಾಯಿದೆ ಹೇಳುತ್ತದೆ.

ಕೆಲಸ ಬಿಡಿ ಎಂದು ನಾನು ಹೇಳಲಾರೆ, ಆ ಲೆಕ್ಕ ನಿಮ್ಮ ಮನೆಯದು. ಸಾಗರದಲ್ಲಿ ಗುರುತಿನವರು ಸಿಕ್ಕಾರೆಂಬ ಅಳುಕಿದ್ದರೆ ಶಿವಮೊಗ್ಗದ ಬಸ್ಸು ಹತ್ತಿ ಬನ್ನಿ, ಅಥವಾ ಮೊದಲು ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದಕ್ಕೆ ಹಣ ಬೀಳುವುದಿಲ್ಲ. ಕೇಂದ್ರದಲ್ಲಿ ನಿಮ್ಮ ವೃತ್ತಿಯನ್ನೂ ಹೇಳಿ, ಆಸೆ ಇಲ್ಲವೆಂಬುದನ್ನೂ ಹೇಳಿ. ಒಂದನ್ನು ಮುಚ್ಚಿಟ್ಟದ್ದಕ್ಕೇ ನನಗೆ ಸಿಕ್ಕಿದ್ದು ಆ ಹಾರ್ಮೋನಿನ ಚೀಟಿ.