ಕೊಡಗಿನ ನಮ್ಮ ಕಾಲೇಜಿಗೆ ಹಳೆ ವಿದ್ಯಾರ್ಥಿ ಸಂಘ ಕಟ್ಟುತ್ತಿದ್ದೇವೆ. ಸನ್ಮಾನಕ್ಕೆ ಸಾಧಕರನ್ನು ಹೇಗೆ ಆರಿಸಬೇಕು?

ಆರಿಸಬೇಡಿ. ಮೊದಲ ಕೆಲವು ವರ್ಷವಾದರೂ ಆ ಕೆಲಸಕ್ಕೇ ಕೈ ಹಾಕಬೇಡಿ.

ಕಾಲೇಜು ಬಿಟ್ಟು ಹತ್ತು ವರ್ಷವಾಯಿತು, ದೊಡ್ಡ ಹೆಸರು ಮಾಡಿದವರು ನಮ್ಮಲ್ಲಿ ಕಡಿಮೆ, ಮಾನದಂಡ ಏನಿಡೋದು ಅಂತ ಕೇಳಿದ್ದೀರಿ. ಓದಿದ ಕೂಡಲೇ ನನಗೆ 2016ರ ನಮ್ಮ ಮೀಟಿಂಗ್ ನೆನಪಾಯಿತು. ನಾನು ಓದಿದ್ದೂ ಕೊಡಗಿನ ಒಂದು ಡಿಗ್ರಿ ಕಾಲೇಜಿನಲ್ಲಿ, ಬಿ.ಕಾಂ. ಆಗ ಕಾಲೇಜಿಗೆ ನ್ಯಾಕ್ ತಂಡ, ಅಂದ್ರೆ ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆಯವರು, ಬರುವುದಿತ್ತು. ಹಳೆ ವಿದ್ಯಾರ್ಥಿಗಳು ಕಾಲೇಜಿಗೆ ಏನು ಮಾಡುತ್ತಿದ್ದಾರೆ ಅಂತಲೂ ನ್ಯಾಕ್‌ನವರು ನೋಡುತ್ತಾರೆ, ಅದಕ್ಕೂ ಅಂಕ ಇದೆ. ಹಾಗಾಗಿ ಅಲ್ಲಿವರೆಗೆ ಹೆಸರಿಗೆ ಮಾತ್ರ ಇದ್ದ ಸಂಘದ ಮೀಟಿಂಗ್ ಕರೆದರು. ನಾನು ಸುಂಟಿಕೊಪ್ಪದಿಂದ ಮಡಿಕೇರಿಗೆ ದಿನಾ ಕೆಲಸಕ್ಕೆ ಓಡಾಡುತ್ತಿದ್ದೆ. ಊರಲ್ಲೇ ಇದ್ದೀಯಲ್ಲ ಅಂತ ಕಾರ್ಯದರ್ಶಿ ಮಾಡಿದರು. ಅವತ್ತೇ ತೀರ್ಮಾನವಾಯಿತು: ಸಾಧಕರಿಗೆ ಸನ್ಮಾನ. ಯಾರೂ ಬೇಡ ಅನ್ನಲಿಲ್ಲ, ಸಂಘ ಅಂದ್ರೆ ಅದೇ ತಾನೇ ಅಂದುಕೊಂಡಿದ್ದೆವು.

ಪಟ್ಟಿ ಮಾಡಲು ಒಂದು ಗೂಗಲ್ ಫಾರ್ಮ್ ಮಾಡಿದೆ. ಹೆಸರು, ಬ್ಯಾಚು, ಊರು, ಫೋನ್ ನಂಬರ್, ಉದ್ಯೋಗ. ಕೊನೆಗೆ ಒಂದು ಕಾಲಂ, "ನಿಮ್ಮ ಸಾಧನೆ". ಅದಕ್ಕೆ ಕೆಂಪು ನಕ್ಷತ್ರ ಹಾಕಿದೆ, ಅಂದ್ರೆ ತುಂಬಿಸದಿದ್ದರೆ ಫಾರ್ಮ್ ಮುಂದಕ್ಕೆ ಹೋಗುವುದಿಲ್ಲ. ನಮ್ಮ ಸಂಘ ಹಾಳಾದದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಹೊರಗಿನಿಂದ ನೋಡಿದರೆ ಇದು ತೀರಾ ಸಣ್ಣ ವಿಷಯ ಅನಿಸುತ್ತದೆ.

ಫಾರ್ಮ್ ತುಂಬಿಸಿದವರು ಯಾರು? ಬೆಂಗಳೂರಿನ ಐಟಿಯವರು, ಸೈನ್ಯದಲ್ಲಿರುವವರು, ಬ್ಯಾಂಕ್ ಮ್ಯಾನೇಜರ್, ದುಬೈಯಲ್ಲಿರುವವರು. ಅವರ ಬಗ್ಗೆ ನನಗೆ ಒಂದಿಷ್ಟೂ ಬೇಸರವಿಲ್ಲ, ಕೇಳಿದ್ದಕ್ಕೆ ಪ್ರೀತಿಯಿಂದ ಬರೆದರು. ತುಂಬಿಸದವರು ಯಾರು? ಅಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಂಡು ಊರಲ್ಲೇ ಉಳಿದವನು. ಮದುವೆಯಾಗಿ ಕಾಲೂರು ಕಡೆ ಹೋದವಳು. ಅಂಗನವಾಡಿ ಟೀಚರ್. ಜೀಪ್ ಓಡಿಸುವವನು. ನಮ್ಮ ಕ್ಲಾಸಿನಲ್ಲಿ ಅಕೌಂಟೆನ್ಸಿಯಲ್ಲಿ ಎಲ್ಲರಿಗಿಂತ ಮುಂದಿದ್ದು ಈಗ ಲೈನ್‌ಮ್ಯಾನ್ ಆಗಿರುವ ಗೆಳೆಯನಿಗೆ ನಾನೇ ಫೋನ್ ಮಾಡಿ ತುಂಬಿಸು ಅಂದೆ. "ನಂದೆಂತ ಸಾಧನೆ ಮಾರಾಯ್ತಿ, ಬಿಡು" ಅಂದ. ನಾನೂ ಬಿಟ್ಟೆ. ಫಾರ್ಮ್ ತುಂಬಿಸದವರ ನಂಬರ್ ನಮ್ಮ ಪಟ್ಟಿಗೆ ಬರಲಿಲ್ಲ. ಪಟ್ಟಿಯಲ್ಲಿ ಇಲ್ಲದವರು ವಾಟ್ಸಾಪ್ ಗುಂಪಿಗೆ ಬರಲಿಲ್ಲ. ಗುಂಪಿನಲ್ಲಿ ಇಲ್ಲದವರಿಗೆ ಕಾರ್ಯಕ್ರಮದ ಕರೆಯೋಲೆ ಹೋಗಲಿಲ್ಲ. ಊರಲ್ಲಿರುವವರಿಗೆ ಆಸಕ್ತಿ ಇಲ್ಲ ಅಂತ ನಾವು ಮೀಟಿಂಗ್‌ನಲ್ಲಿ ಮಾತಾಡಿಕೊಂಡೆವು. ಆಸಕ್ತಿ ಅವರಿಗೆ ಬೇಕಾದಷ್ಟಿತ್ತು. ಹೇಳಿಕೊಳ್ಳುವಂಥದ್ದು ಏನೂ ಇಲ್ಲದವರು ಒಳಗೆ ಬರಬೇಡಿ ಅಂತ ನಮ್ಮ ಫಾರ್ಮೇ ಹೇಳಿತ್ತು.

ಕಾರ್ಯಕ್ರಮ ಡಿಸೆಂಬರ್ ಕೊನೆಗೆ ಇಟ್ಟೆವು, ಬೆಂಗಳೂರಿನವರಿಗೆ ರಜೆ ಇರುತ್ತದೆ ಅಂತ. ಆಗ ಇಲ್ಲಿ ಕಾಫಿ ಕುಯ್ಲು. ಅರೇಬಿಕಾ ಮುಗಿಯುತ್ತಾ ಬಂದಿರುತ್ತದೆ, ರೊಬಸ್ಟಾ ಶುರುವಾಗುವ ಹೊತ್ತು. ಕಣದಲ್ಲಿ ಕಾಫಿ ಹರಡಿಕೊಂಡು, ಕೆಲಸದವರು ಸಿಗದೆ ಒದ್ದಾಡುತ್ತಿರುವ ಮನುಷ್ಯ ಶಾಲು ಹೊದಿಸುವುದನ್ನು ನೋಡಲು ಬರುತ್ತಾನಾ? ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಆಯಿತು. ಸನ್ಮಾನಿತರು ಚೆನ್ನಾಗಿ ಮಾತಾಡಿದರು, ಮಧ್ಯಾಹ್ನ ಊಟ ಮಾಡಿ ಹೊರಟರು. ಸಂಘದಲ್ಲಿ ಇದ್ದ ದುಡ್ಡೆಲ್ಲ ಹಾಲ್‌ಗೆ, ಊಟಕ್ಕೆ, ಸ್ಮರಣಿಕೆಗೆ ಹೋಯಿತು. ಮುಂದಿನ ವರ್ಷವೂ ಹೀಗೇ.

ಆಮೇಲೆ 2018 ಬಂತು.

ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮದೆನಾಡು, ಜೋಡುಪಾಲ ಕಡೆ ಬೆಟ್ಟಗಳೇ ಜರಿದವು. ನೀವೂ ಕೊಡಗಿನವರು, ನಿಮಗೆ ವಿವರಿಸಬೇಕಿಲ್ಲ. ಕರೆಂಟ್ ಇಲ್ಲ, ಮಂಗಳೂರಿಗೆ ಹೋಗುವ ಸಂಪಾಜೆ ರಸ್ತೆ ಇಲ್ಲ, ಫೋನ್ ಸಿಕ್ಕರೆ ಸಿಕ್ಕಿತು. ಹೊರಗಿದ್ದ ಹಳೆ ವಿದ್ಯಾರ್ಥಿಗಳೆಲ್ಲ ನನಗೆ ಫೋನ್ ಮಾಡುತ್ತಿದ್ದರು: ನಮ್ಮವರು ಯಾರ್ಯಾರು ಎಲ್ಲಿದ್ದಾರೆ, ಏನು ಬೇಕು ಹೇಳು, ದುಡ್ಡು ಕಳಿಸುತ್ತೇವೆ. ನಾನು ಪಟ್ಟಿ ತೆಗೆದು ನೋಡಿದೆ. ಬೆಂಗಳೂರಿನ ನಂಬರ್ ಇತ್ತು, ದುಬೈ ನಂಬರ್ ಇತ್ತು. ಮಕ್ಕಂದೂರಿನದ್ದು ಒಂದೂ ಇರಲಿಲ್ಲ. ನಮ್ಮ ಕಾಲೇಜಿನ ಎಷ್ಟೋ ಮಕ್ಕಳು ಬಂದದ್ದೇ ಆ ಕಡೆಯಿಂದ.

ನಾವು ಚಾಪೆ, ಕಂಬಳಿ ಹೊತ್ತುಕೊಂಡು ಮಡಿಕೇರಿಯ ಒಂದು ಪರಿಹಾರ ಕೇಂದ್ರಕ್ಕೆ ಹೋಗಿ ಕೊಟ್ಟು ಬಂದೆವು. ಕಾಲೂರಿಗೆ ಮದುವೆಯಾಗಿ ಹೋಗಿದ್ದ ನಮ್ಮ ಕ್ಲಾಸಿನವಳು ಮಗುವಿನ ಜೊತೆ ಅದೇ ಕೇಂದ್ರದಲ್ಲಿದ್ದಳು. ನಮ್ಮನ್ನು ನೋಡಿದ್ದಳು, ಮಾತಾಡಿಸಿರಲಿಲ್ಲ. ಯಾಕೆ ಕರೆಯಲಿಲ್ಲ ಅಂತ ಆಮೇಲೆ ಕೇಳಿದರೆ, "ನೀವೆಲ್ಲ ಸಂಘದವರು ಅಂತ ಸುಮ್ನಾದೆ" ಅಂದಳು. ನಾವು ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು.

ಅವಳು ಅಲ್ಲಿದ್ದಾಳೆ ಅಂತ ನಮಗೆ ಹೇಳಿದ್ದು ಲೈನ್‌ಮ್ಯಾನ್ ಗೆಳೆಯ. ಬಿದ್ದ ಕಂಬಗಳ ನಡುವೆ ಹಗಲು ರಾತ್ರಿ ಕೆಲಸ ಮಾಡುತ್ತಲೇ, ಯಾವ ಮನೆಯವರು ಯಾವ ಕೇಂದ್ರಕ್ಕೆ ಹೋಗಿದ್ದಾರೆ ಅಂತ ಅವನು ತಿಳಿದುಕೊಂಡಿದ್ದ. ಜೀಪಿನವನು ಜನರನ್ನು ಕರೆತರುತ್ತಿದ್ದ. ಆ ತಿಂಗಳು ನಮ್ಮ ಸಂಘದ ಕೆಲಸ ಮಾಡಿದವರು ಇವರೇ, ಇಬ್ಬರೂ ಸದಸ್ಯರಾಗಿರಲಿಲ್ಲ. ಹೊರಗಿನವರು ಕಳಿಸಿದ ದುಡ್ಡೂ ಸರಿಯಾದ ಮನೆಗೆ ಮುಟ್ಟಿದ್ದು ಇವರಿಂದ. ಕೆಲವು ಜೂನಿಯರ್‌ಗಳ ಅಂಕಪಟ್ಟಿ, ಟಿ.ಸಿ. ಎಲ್ಲ ಮಣ್ಣಿನಡಿ ಹೋಗಿದ್ದವು. ಅಂಕಪಟ್ಟಿಯ ನಕಲು ಪ್ರತಿ ತೆಗೆಸಲು ಸುತ್ತು ಬಳಸಿ ಮಂಗಳೂರು ವಿಶ್ವವಿದ್ಯಾಲಯ ಇರುವ ಕೊಣಾಜೆಗೆ ಹೋಗಬೇಕಿತ್ತು. ಮಂಗಳೂರಿನಲ್ಲಿದ್ದ ಒಬ್ಬ ಸೀನಿಯರ್ ಅಣ್ಣ ರಜೆ ಹಾಕಿ ಒಬ್ಬೊಬ್ಬರ ಅರ್ಜಿ ಹಿಡಿದುಕೊಂಡು ವಿಶ್ವವಿದ್ಯಾಲಯಕ್ಕೆ ಅಲೆದರು. ಅವರಿಗೂ ನಾವು ಯಾವತ್ತೂ ಶಾಲು ಹೊದಿಸಿರಲಿಲ್ಲ.

ಹಾಗಾಗಿ ನೀವು ಮಾನದಂಡ ಕೇಳಿದಾಗ ನನಗೆ ಸುಮ್ನಿರಲು ಆಗಲಿಲ್ಲ. ಮೊದಲು ಎಲ್ಲರ ನಂಬರ್ ಬೇಕು. ಫಾರ್ಮ್ ಬೇಡ, ಫೋನ್ ಮಾಡಿ. ಉದ್ಯೋಗ ಏನು ಅಂತ ಕೇಳಬೇಡಿ, ಮನೆ ಎಲ್ಲಿ, ಮಕ್ಕಳೆಷ್ಟು, ಅಮ್ಮ ಹೇಗಿದ್ದಾರೆ ಅಂತ ಕೇಳಿ, ಉದ್ಯೋಗ ತಾನಾಗಿ ಮಾತಿಗೆ ಬರುತ್ತದೆ. ಶಾಂತಳ್ಳಿ, ಭಾಗಮಂಡಲ, ನಾಪೋಕ್ಲು, ಬಾಳೆಲೆ, ಶನಿವಾರಸಂತೆ ಹೀಗೆ ಒಂದೊಂದು ಕಡೆಗೆ ಒಬ್ಬರನ್ನು ಹಿಡಿಯಿರಿ. ಕೊಡಗಿನಲ್ಲಿ ಒಬ್ಬರಿಗೆ ಗೊತ್ತಿದ್ದರೆ ಸುತ್ತಿನ ಹತ್ತು ಮನೆ ಗೊತ್ತಿರುತ್ತದೆ ಅಲ್ವಾ.

ಎರಡನೆಯದು, ಒಂದೇ ಸಮಿತಿ ವರ್ಷಗಟ್ಟಲೆ ಎಲ್ಲ ಮಾಡುವುದು ಬೇಡ. ನಮ್ಮ ಕಣ್ಣೆದುರಿಗೇ ದಾರಿ ಇದೆ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಮನೆತನಗಳ ಹಾಕಿ ಪಂದ್ಯಾವಳಿ ನೋಡಿ. ವರ್ಷಕ್ಕೊಂದು ಒಕ್ಕ, ಅಂದ್ರೆ ಮನೆತನ, ಹೊಣೆ ಹೊತ್ತು ನಡೆಸುತ್ತದೆ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡದವರು ನಡೆಸಿದಾಗ 360 ತಂಡ ಬಂದಿತ್ತು, ಗಿನ್ನೆಸ್ ದಾಖಲೆ ಆಯಿತು. ದೇಶಕ್ಕೆ ಆಡಿದವರೂ ಅಲ್ಲಿ ತಮ್ಮ ಮನೆತನದ ತಂಡಕ್ಕೇ ಆಡುತ್ತಾರೆ, ಹೆಣ್ಣುಮಕ್ಕಳು, ವಯಸ್ಸಾದವರು ಎಲ್ಲ ಒಂದೇ ತಂಡದಲ್ಲಿ. ನಾವು ಇದನ್ನೇ ತೆಗೆದುಕೊಂಡೆವು. ಒಂದು ವರ್ಷ ಒಂದು ಬ್ಯಾಚು ನಡೆಸಬೇಕು. ಹಾಲ್, ಊಟ, ಲೆಕ್ಕ ಎಲ್ಲ ಅವರದ್ದು. ತಮ್ಮ ಸರದಿ ಬಂತು ಅಂದ್ರೆ ಎಲ್ಲೆಲ್ಲೋ ಇದ್ದವರು ಒಬ್ಬರನ್ನೊಬ್ಬರು ಹುಡುಕುತ್ತಾರೆ. ಪಟ್ಟಿ ಬೆಳೆಯುವುದು ಆಗಲೇ.

ಹಾಗಾದ್ರೆ ಸಾಧನೆಯನ್ನು ಸಂಭ್ರಮಿಸಲೇಬಾರದಾ ಅಂತ ಕೇಳಬಹುದು. ಖಂಡಿತ ಸಂಭ್ರಮಿಸಿ, ಮನಸಾರೆ. 2024ರಲ್ಲಿ ನಮ್ಮ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಇಡೀ ಜಿಲ್ಲೆ ಕುಣಿಯಿತು. ಅಂಥವರನ್ನು ಕೊಂಡಾಡಲು ಊರೇ ಇದೆ. ನಿಮ್ಮ ಸಂಘ ನೋಡಬೇಕಾದ್ದು ಬೇರೆ ಯಾರೂ ನೋಡದವರನ್ನು. ನಮ್ಮಲ್ಲಿ ಈಗ ಒಂದು ಪದ್ಧತಿ ಇದೆ: ವೇದಿಕೆ ಮೇಲೆ ಯಾರೂ ತಮ್ಮ ಬಗ್ಗೆ ಮಾತಾಡುವ ಹಾಗಿಲ್ಲ, ಇನ್ನೊಬ್ಬರ ಬಗ್ಗೆ ಮಾತ್ರ. ಮೊದಲ ಸಲ ಎಲ್ಲರೂ ತಡವರಿಸಿದರು. ಆಮೇಲೆ ಜೀಪಿನವನ ಬಗ್ಗೆ ಒಬ್ಬ ಸೈನ್ಯಾಧಿಕಾರಿ ಎದ್ದು ನಿಂತು ಮಾತಾಡಿದರು, ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು.

ಕೆಲವೊಮ್ಮೆ ಸಾಧನೆ ಮಾಡಿದವರ ಮನೆಗೇ ಹೋಗುತ್ತೇವೆ. ನಮ್ಮ ಒಬ್ಬಳು ಜೂನಿಯರ್ ಪಿ.ಎಚ್‌ಡಿ. ಮುಗಿಸಿದಳು. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸದವರು, ತೋಟದ ಕೆಲಸದವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿದ್ದರು. ಅವಳಿಗೆ ಪಾಠ ಮಾಡಿದ ಮೇಡಂ ಅವರನ್ನೂ ಕರೆದುಕೊಂಡು ನಾವು ಅಲ್ಲಿಗೆ ಹೋದೆವು. ಅಕ್ಕಪಕ್ಕದ ಮನೆಯವರೆಲ್ಲ ಬಂದು ಕೂತರು. ಮಗಳು ಏನು ಓದಿದಳು, ಅದು ಯಾಕೆ ದೊಡ್ಡದು ಅಂತ ಮೇಡಂ ಅವಳ ಅಮ್ಮನಿಗೆ ಕೂತು ವಿವರಿಸಿದರು. ಆ ಲೈನಿನ ಇನ್ನಿಬ್ಬರು ಮಕ್ಕಳು ಈಗ ಡಿಗ್ರಿ ಓದುತ್ತಿದ್ದಾರೆ, ಅವರ ಫೀಸ್ ಸಂಘ ಕಟ್ಟುತ್ತದೆ. ಸ್ಮರಣಿಕೆಗೆ ಹೋಗುತ್ತಿದ್ದ ದುಡ್ಡೇ ಇದು.

ಈಗ ಓದುತ್ತಿರುವ ಮಕ್ಕಳನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಿ, ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ವಿಶ್ವವಿದ್ಯಾಲಯವೇ ಬದಲಾಗುತ್ತಾ ಬಂದಿದೆ. 1980ಕ್ಕೆ ಮೊದಲು ಓದಿದವರದ್ದು ಮೈಸೂರು ವಿಶ್ವವಿದ್ಯಾಲಯದ ಡಿಗ್ರಿ, ಆಮೇಲೆ ಓದಿದ ನಮ್ಮದು ಮಂಗಳೂರು. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ ಅದರ ಹೆಸರೂ ಪಟ್ಟಿಯಲ್ಲಿತ್ತು. ಆಗ ಮಕ್ಕಳು ನಮ್ಮ ಸರ್ಟಿಫಿಕೇಟಿನ ಕಥೆ ಏನು ಅಂತ ಗಾಬರಿಯಿಂದ ನಮ್ಮ ಗುಂಪಿನಲ್ಲೇ ಕೇಳುತ್ತಿದ್ದರು. ಉತ್ತರ ಕೊಟ್ಟವರು ಸೀನಿಯರ್‌ಗಳು, ಕೆಲಸಕ್ಕೆ ತೆಗೆದುಕೊಳ್ಳುವ ಜಾಗದಲ್ಲಿ ಕೂತವರು. ಬೆಂಗಳೂರಿಗೆ ಮೊದಲ ಸಲ ಇಂಟರ್‌ವ್ಯೂಗೆ ಹೋಗುವ ಹುಡುಗಿಗೆ ಎರಡು ರಾತ್ರಿ ಉಳಿಯಲು ಒಂದು ಅಕ್ಕನ ಮನೆ ಸಿಕ್ಕರೆ ಎಷ್ಟು ಧೈರ್ಯ ಗೊತ್ತಾ. ಬೆಂಗಳೂರಿನವರಿಂದ ದುಡ್ಡು ಕೇಳುವ ಮೊದಲು ಇದನ್ನು ಕೇಳಿ. ಅವರಲ್ಲಿ ಹೆಚ್ಚಿನವರು ಸಂತೋಷದಿಂದ ಮಾಡುತ್ತಾರೆ, ಕೇಳುವವರೇ ಇರಲಿಲ್ಲ ಅಷ್ಟೆ.

ಇನ್ನು ತಾರೀಕು. ಡಿಸೆಂಬರ್‌ನಿಂದ ಮಾರ್ಚ್ ತನಕ ಬೇಡ, ಕುಯ್ಲು, ಆಮೇಲೆ ಕಾಫಿ ಹೂ ಬಿಡಲು ಬೇಕಾದ ಹೂ ಮಳೆ ಕಾಯುವುದು, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುವುದು. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಮಡಿಕೇರಿ ದಸರಾದ ಮರುದಿನ ಇಡಲೇಬೇಡಿ, ರಾತ್ರಿಯಿಡೀ ದಶಮಂಟಪ, ಅಂದ್ರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ನೋಡಿದವರು ಏಳುವುದಿಲ್ಲ. ನಮಗೆ ಒಗ್ಗಿದ್ದು ಏಪ್ರಿಲ್ ಕೊನೆಯ ಶನಿವಾರ. ಭಾನುವಾರವಾದರೆ ಎಲ್ಲರಿಗೂ ಒಂದಲ್ಲ ಒಂದು ಮದುವೆ ಇರುತ್ತದೆ.

ಸಂಘವನ್ನು ನೋಂದಣಿ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸದಸ್ಯರಿದ್ದರೆ ಸಾಕು, ಪ್ರತಿ ವರ್ಷ ಲೆಕ್ಕ ಸಲ್ಲಿಸಬೇಕು. ಬ್ಯಾಂಕ್ ಖಾತೆ ಸಂಘದ ಹೆಸರಲ್ಲೇ ಇರಲಿ, ಇಬ್ಬರ ಸಹಿ ಇರಲಿ. ಆ ಏಳರಲ್ಲಿ ನಾಲ್ಕು ಜನ ಊರಲ್ಲೇ ಇರುವವರಾಗಲಿ. ಈ ಏಪ್ರಿಲ್‌ಗೇ ಮಾಡುವ ಯೋಚನೆ ಇದ್ದರೆ ಹಾಲ್ ಇವತ್ತೇ ವಿಚಾರಿಸಿ, ಮದುವೆಯವರು ಜನವರಿಯಲ್ಲೇ ಹಿಡಿದುಬಿಡುತ್ತಾರೆ. ಹಾಲ್ ಸಿಗದಿದ್ದರೆ ಕಾಲೇಜಿನ ಮೈದಾನವೇ ಆಗುತ್ತದೆ, ಪ್ರಾಂಶುಪಾಲರಿಗೆ ಒಂದು ಪತ್ರ ಕೊಡಿ.