ಬೂಟು ಬಿಚ್ಚಿಟ್ಟು ಕರಿಕೋಟು ಹಾಕೋ ಫೌಜಿಗಳಿಗೆ: ಓದುಗರ ಪ್ರಶ್ನೆ, ವಕೀಲರ ಉತ್ತರ

ಹೋದ ಸಲ ಇಲ್ಲಿ, ಪೆನ್ಷನ್ ಬಂದ್ಮೇಲೆ ಎಲ್‌ಎಲ್‌ಬಿ ಮುಗಿಸೋ ಮಾಜಿ ಸೈನಿಕರ ಬಗ್ಗೆ ಎರಡು ಸಾಲು ಬರೆದಿದ್ದೆ ಅಷ್ಟೇ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಪತ್ರಗಳ ಮೇಲೆ ಪತ್ರ. ಹಂಗಾಗಿ ಈ ಸಲ ಪೂರ್ತಿ ಅಂಕಣ ಅವ್ರಿಗೇ. ಚೆಕ್ ಬೌನ್ಸ್, ಸೈಟು ಜಗಳ ಕೇಳಿರೋರು ಮುಂದಿನ ಸಲದವರೆಗೂ ಕಾಯ್ಬೇಕು, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ ನಮಸ್ಕಾರ. 1999ರಲ್ಲಿ ಕಾರ್ಗಿಲ್‌ನಲ್ಲಿ ಆರ್ಟಿಲರಿ ಗನ್ ಮೇಲಿದ್ದೋನು ನಾನು, ಹವಾಲ್ದಾರ್ ಆಗಿ ಪೆನ್ಷನ್ ಬಂದೆ, ಆಮೇಲೆ ಒಂದು ಬ್ಯಾಂಕಿನಲ್ಲಿ ಸೆಕ್ಯುರಿಟಿ. ರಾತ್ರಿ ಪಾಳಿ ಮಾಡಿ ಬೆಳಿಗ್ಗೆ ಕಾಲೇಜಿಗೆ ಹೋಗಿ ಮೂರು ವರ್ಷದ ಎಲ್‌ಎಲ್‌ಬಿ ಪಾಸಾದೆ. ಐವತ್ತು ತುಂಬ್ತಾ ಬಂತು. ಈ ವಯಸ್ಸಲ್ಲಿ ಸನ್ನದು, ಅಂದ್ರೆ ವಕೀಲಿಕೆ ಲೈಸೆನ್ಸು, ಕೊಡಲ್ಲ ಅಂತ ಊರಲ್ಲಿ ಹೆದರಿಸ್ತಾವ್ರೆ, ನಿಜಾನಾ? ಬ್ಯಾಂಕ್ ಕೆಲ್ಸ ಇಟ್ಕೊಂಡೇ ಪ್ರಾಕ್ಟೀಸ್ ಮಾಡ್ಬಹುದಾ?
– ಮಾಜಿ ಹವಾಲ್ದಾರ್, ಶ್ರೀನಿವಾಸಪುರ

ಉತ್ತರ: ಹವಾಲ್ದಾರ್ರೇ, ಮೊದ್ಲು ಕಂಗ್ರಾಟ್ಸ್. ಹೆದರಿಸ್ತಿರೋರು ಯಾವುದೋ ಕಾಲದ ಮಾತು ಹಿಡ್ಕೊಂಡವ್ರೆ. ನಲವತ್ತೈದು ದಾಟಿದೋರಿಗೆ ಸನ್ನದು ಇಲ್ಲ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಹಿಂದೆ ಒಂದು ರೂಲ್ ಮಾಡಿದ್ದು ನಿಜ, ಆದ್ರೆ ಅದನ್ನ ಸುಪ್ರೀಂ ಕೋರ್ಟು 1995ರಲ್ಲೇ ಹೊಡೆದು ಹಾಕ್ತು. 1961ರ ಅಡ್ವೊಕೇಟ್ಸ್ ಆಕ್ಟ್‌ನಲ್ಲಿರೋದು 21 ತುಂಬಿರ್ಬೇಕು ಅಂತ ಮಾತ್ರ, ಮೇಲಿನ ಮಿತಿ ಇಲ್ಲ. ಫೀಸು ಅಂತ ಸಾವಿರಾರು ರೂಪಾಯಿ ಕೇಳ್ತಿದ್ದ ಕಾಲಾನೂ ಹೋಯ್ತು, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಎನ್ರೋಲ್‌ಮೆಂಟ್ ಫೀಸು ಜನರಲ್‌ನವರಿಗೆ 750 ರೂಪಾಯಿ, ಎಸ್‌ಸಿ ಎಸ್‌ಟಿಯವರಿಗೆ 125 ರೂಪಾಯಿ ದಾಟಂಗಿಲ್ಲ ಅಂತ ಹೇಳಿಬಿಟ್ಟಿದೆ, ಸ್ಟಾಂಪ್ ಡ್ಯೂಟಿ ಬೇರೆ. ಆಮೇಲೆ ಎಐಬಿಇ, ಅಂದ್ರೆ ಅಖಿಲ ಭಾರತ ಬಾರ್ ಪರೀಕ್ಷೆ ಒಂದಿದೆ, ನೂರು ಪ್ರಶ್ನೆ, ಟಿಕ್ ಮಾಡೋದು, ಟಿಪ್ಪಣಿ ಇಲ್ಲದ ಬೇರ್ ಆಕ್ಟ್ (ಬರೀ ಕಾಯ್ದೆ ಇರೋ ಪುಸ್ತಕ) ಒಳಗೆ ತಗೊಂಡು ಹೋಗ್ಬಹುದು. ಅದಕ್ಕೆ ಭಯ ಬೀಳೋದು ಬೇಡ, ಆದ್ರೆ 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ನೀವು 302, 420 ಅಂತ ಬಾಯಿಪಾಠ ಮಾಡಿರೋದನ್ನೆಲ್ಲ ಹೊಸ ನಂಬರಲ್ಲಿ ಇನ್ನೊಂದ್ಸಲ ಓದ್ಲೇಬೇಕು. ಹಳೇದನ್ನೂ ಮರೀಬೇಡಿ, ಆ ತಾರೀಖಿಗಿಂತ ಮುಂಚೆ ನಡೆದ ಅಪರಾಧಕ್ಕೆಲ್ಲ ಈಗ್ಲೂ ಐಪಿಸಿನೇ.

ಎರಡನೇದು ಬ್ಯಾಂಕ್ ಕೆಲ್ಸ. ಅಲ್ಲಿ ಮಾತ್ರ ರಾಜಿ ಇಲ್ಲ. ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ನೌಕರಿಲಿರೋನು ಪ್ರಾಕ್ಟೀಸ್ ಮಾಡಂಗಿಲ್ಲ. ಪೆನ್ಷನ್ ಸಂಬಳ ಅಲ್ಲ, ಅದರಿಂದ ಏನೂ ತೊಂದ್ರೆ ಇಲ್ಲ, ಆದ್ರೆ ಬ್ಯಾಂಕಿನ ಯೂನಿಫಾರ್ಮು ಕೋಟು ಎರಡೂ ಒಟ್ಟಿಗೆ ಆಗಲ್ಲ. ಮುಚ್ಚಿಟ್ಟು ಸನ್ನದು ತಗೊಂಡ್ರೆ ನಾಳೆ ಎದುರು ಪಾರ್ಟಿ ವಕೀಲನೇ ಕಂಪ್ಲೇಂಟ್ ಹಾಕ್ತಾನೆ, ನಮ್ಮೋರು ಅದ್ರಲ್ಲಿ ಬಲು ಚುರುಕು.

ಪ್ರಶ್ನೆ: ಮೇಡಂ, ನಮ್ಮೆಜಮಾನ್ರು ನಾಯಕ್ ಆಗಿ ರಿಟೈರ್ ಆದ್ರು, ತುಮಕೂರಲ್ಲಿ ಲಾ ಮುಗಿಸಿದ್ರು. ಈಗ ಬೆಂಗಳೂರಿಗೆ ಹೋಗಿ ಹೈಕೋರ್ಟಲ್ಲೇ ಪ್ರಾಕ್ಟೀಸ್ ಅಂತ ಹಠ. ಮಗಳು ಪಿಯುಸಿ, ಮಗ ಒಂಬತ್ತನೇ ಕ್ಲಾಸು. ಬರೋದು ಒಂದು ಪೆನ್ಷನ್. ನಾನು ಮಧುಗಿರಿಲೇ ಇರೋಣ ಅಂತೀನಿ. ನೀವೇ ಹೇಳಿ.
– ಹೆಸರು ಬೇಡ, ಮಧುಗಿರಿ

ಉತ್ತರ: ನೋಡಮ್ಮ, ಗಂಡ ಹೆಂಡ್ತಿ ಮಧ್ಯೆ ತೀರ್ಪು ಕೊಡೋಕೆ ನಾನ್ಯಾರು, ಆದ್ರೂ ಕೇಳಿದ್ದೀಯ, ಹೇಳ್ತೀನಿ, ನೀನ್ ಹೇಳ್ತಿರೋದೇ ಸರಿ. ಮೊದಲ ಎರಡು ಮೂರು ವರ್ಷ ಜೂನಿಯರ್‌ಗೆ ದುಡ್ಡು ಅಂತ ಬರೋದು ಪೆಟ್ರೋಲ್ ಖರ್ಚಿಗೆ ಸಾಕಾದ್ರೆ ಹೆಚ್ಚು. ಜೂನಿಯರ್‌ಗಳಿಗೆ ಸಿಟಿಲಿ 20 ಸಾವಿರ, ಹಳ್ಳಿ ಕಡೆ 15 ಸಾವಿರ ತಿಂಗಳಿಗೆ ಕೊಡ್ರಪ್ಪ ಅಂತ ಬಾರ್ ಕೌನ್ಸಿಲ್ 2024ರಲ್ಲಿ ಸುತ್ತೋಲೆ ಕಳಿಸ್ತು, ಆದ್ರೆ ಅದು ಬರೀ ಶಿಫಾರಸು, ತಾಲೂಕು ಕೋರ್ಟಿನ ಸೀನಿಯರ್‌ಗಳಿಗೇ ಒಂದೊಂದು ತಿಂಗಳು ಅಷ್ಟು ಹುಟ್ಟಲ್ಲ. ಬೆಂಗಳೂರಲ್ಲಿ ಬಾಡಿಗೆ ಕಟ್ಕೊಂಡು ಇದನ್ನ ಮಾಡೋದು ಅಂದ್ರೆ ಪೆನ್ಷನ್ ಪೂರ್ತಿ ಮನೆ ಓನರ್‌ಗೆ ಕೊಟ್ಟಂಗೆ.

ಆದ್ರೆ ದುಡ್ಡಿನ ಲೆಕ್ಕಕ್ಕಿಂತ ದೊಡ್ಡದು ಇನ್ನೊಂದಿದೆ, ಇದನ್ನ ಅವ್ರಿಗೂ ಓದ್ಸು. ಫೌಜಿಗಳಿಗೆ ಓದೋದು ಕಷ್ಟ ಆಗಲ್ಲ, ಟೈಮಿಗೆ ಸರಿಯಾಗಿ ಬರ್ತಾರೆ, ಫೈಲು ನೀಟಾಗಿ ಇಟ್ಕೋತಾರೆ, ಸುಳ್ಳು ಹೇಳೋಕೆ ಸ್ವಲ್ಪ ತಡವರಿಸ್ತಾರೆ, ಎಲ್ಲಾ ಸರಿ. ಕಷ್ಟ ಆಗೋದು ಕೋರ್ಟ್ ಹಾಲಿನಲ್ಲಿ. ಹದಿನೇಳು ವರ್ಷ ಹಿಂದಿಲಿ ಮಾತಾಡಿ, ಆರ್ಡರ್ ಅಂದ್ರೆ ಆರ್ಡರ್ ಅಂತ ಬದುಕಿದೋರು ಇಲ್ಲಿ ಬಂದು ಬೆಳಿಗ್ಗೆ ಹನ್ನೊಂದಕ್ಕೆ ಕೇಸ್ ಕೂಗ್ತಾರೆ ಅಂತ ನಿಂತ್ಕೋತಾರೆ, ಸೀನಿಯರ್ ಇನ್ನೊಂದು ಕೋರ್ಟಲ್ಲಿ ಇರ್ತಾರೆ, ಪಾಸ್‌ಓವರ್ (ಆಮೇಲೆ ಕೂಗಿ ಅಂತ) ಕೇಳ್ಬೇಕು, ಮಧ್ಯಾಹ್ನ ಕೂಗಿದಾಗ ಎದುರಿನೋರು ಟೈಮ್ ಕೇಳ್ತಾರೆ, ಎರಡು ತಿಂಗಳಾಚೆ ಡೇಟ್ ಬೀಳುತ್ತೆ, ಹೊರಗೆ ಪಾರ್ಟಿ ನಿಂತ್ಕೊಂಡು ಏನಾಯ್ತು ಸಾರ್ ಅಂತ ಕೇಳ್ತಾನೆ. ಅವನಿಗೆ ಉತ್ತರ ಹೇಳೋದನ್ನ ಯಾವ ಲಾ ಕಾಲೇಜೂ ಕಲಿಸಲ್ಲ. ನಕಲು ಅರ್ಜಿ ಹಾಕೋದು, ಕೋರ್ಟ್ ಆಫೀಸಿನೋರು ಹಾಕೋ ಆಬ್ಜೆಕ್ಷನ್ ಸರಿ ಮಾಡೋದು, ಸಾಗುವಳಿ ಚೀಟಿ ಇದೆ ಆದ್ರೆ ಪೋಡಿ (ಅಳತೆ ಮಾಡಿ ಬೇರೆ ಮಾಡೋದು) ಆಗಿಲ್ಲ ಅನ್ನೋ ಜಮೀನಿನ ಪಹಣಿ ನೋಡಿ ಎಲ್ಲಿ ತಪ್ಪಿದೆ ಅಂತ ಕಂಡು ಹಿಡಿಯೋದು, ಇದೆಲ್ಲ ತಾಲೂಕು ಕೋರ್ಟಲ್ಲಿ ಒಳ್ಳೆ ಸಿವಿಲ್ ಸೀನಿಯರ್ ಆಫೀಸಿನಲ್ಲಿ ಕೂತ್ರೆ ಮಾತ್ರ ಬರೋದು. ದಾವೆ ಕನ್ನಡದಲ್ಲಿ, ಚಾರ್ಜ್‌ಶೀಟ್ ಕನ್ನಡದಲ್ಲಿ, ಕೋಲಾರ ಚಿಕ್ಕಬಳ್ಳಾಪುರದ ಕಡೆ, ನಿಮ್ಮ ಪಾವಗಡದ ಕಡೆ ಆದ್ರೆ ಪಾರ್ಟಿ ಕಥೆ ಹೇಳೋದು ತೆಲುಗಲ್ಲಿ. ಇದನ್ನ ಬಿಟ್ಟು ನೇರವಾಗಿ ಹೈಕೋರ್ಟಿಗೆ ಹೋದ್ರೆ ಫೈಲ್ ಹೊತ್ಕೊಂಡು ತಿರುಗೋದೇ ಆಗುತ್ತೆ. ಮೂರು ವರ್ಷ ಮಧುಗಿರಿ, ಆಮೇಲೆ ಬೇಕಾದ್ರೆ ಬೆಂಗಳೂರು. ಮೂರು ವರ್ಷ ಅಂತ ಸುಮ್ನೆ ಹೇಳ್ತಿಲ್ಲ, ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲ ಆಗೋಕೂ ಸಾಮಾನ್ಯವಾಗಿ ಮೂರು ವರ್ಷದ ಪ್ರಾಕ್ಟೀಸ್ ಕೇಳ್ತಾರೆ. 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿವಸದ ದಿನಾನೇ, ನಾಲ್ಸಾದವರು (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ವೀರ್ ಪರಿವಾರ್ ಸಹಾಯತಾ ಯೋಜನೆ ಶುರು ಮಾಡಿದ್ರು, ಸೈನಿಕ ಬೋರ್ಡುಗಳಲ್ಲೇ ಕೂತು ಸೈನಿಕರ ಮನೆಯವ್ರಿಗೆ ಕಾನೂನು ಸಹಾಯ ಕೊಡೋ ಕ್ಲಿನಿಕ್. ಅಲ್ಲಿ ಕೂರೋಕೆ ನಿಮ್ಮೆಜಮಾನ್ರಿಗಿಂತ ಸರಿಯಾದೋರು ಯಾರು ಹೇಳು.

ಪ್ರಶ್ನೆ: ನಾನಿನ್ನೂ ಸರ್ವಿಸಲ್ಲಿದ್ದೀನಿ ಮೇಡಂ. ಆರ್ಮಿ ಕೊಡೋ ಗ್ರಾಜುಯೇಷನ್ ಸರ್ಟಿಫಿಕೇಟ್ ತೋರ್ಸಿ, ಕರೆಸ್ಪಾಂಡೆನ್ಸ್‌ನಲ್ಲಿ ಎಲ್‌ಎಲ್‌ಬಿ ಮಾಡಿ, ಮನೆಗೆ ಬರೋ ಹೊತ್ತಿಗೆ ಲಾಯರ್ ಆಗಿರ್ಬಹುದಾ?
– ಲ್ಯಾನ್ಸ್ ನಾಯಕ್, ಚಿಂತಾಮಣಿ ತಾಲೂಕು

ಉತ್ತರ: ಆಗಲ್ಲಪ್ಪ. ಆ ಸರ್ಟಿಫಿಕೇಟು ಗ್ರೂಪ್ ಸಿ ನೌಕರಿಗೆ ಡಿಗ್ರಿ ಸಮ ಅಂತ ಕೊಡೋದು, ಲಾ ಸೀಟಿಗೆ ಯೂನಿವರ್ಸಿಟಿ ಡಿಗ್ರಿನೇ ಬೇಕು, ಜನರಲ್‌ಗೆ 45 ಪರ್ಸೆಂಟು, ಎಸ್‌ಸಿ ಎಸ್‌ಟಿಗೆ 40. ಬಿಎ ಬೇಕಾದ್ರೆ ದೂರಶಿಕ್ಷಣದಲ್ಲಿ ಮಾಡ್ಕೋ, ಪಿಯುಸಿ ಆದ್ಮೇಲೆ ಮಾಡಿದ್ದು ಅಂದ್ರೆ ನಡೆಯುತ್ತೆ. ಆದ್ರೆ ಎಲ್‌ಎಲ್‌ಬಿ ಮಾತ್ರ ಕ್ಲಾಸಲ್ಲಿ ಕೂತೇ ಓದ್ಬೇಕು, 70 ಪರ್ಸೆಂಟ್ ಅಟೆಂಡೆನ್ಸು. ಮನೇಲೇ ಕೂತು ಲಾ ಡಿಗ್ರಿ ಅಂತ ಫೋನಿಗೆ ಬರೋ ಜಾಹೀರಾತು ನಂಬಿ ದುಡ್ಡು ಕಟ್ಬೇಡ, ಅದರ ಮೇಲೆ ಸನ್ನದು ಸಿಗಲ್ಲ. ಈಗ ಬಿಎ ಮುಗಿಸು, ಬಂದ್ಮೇಲೆ ಲಾ.

ಪ್ರಶ್ನೆ: ನಾನು ರಿಟೈರ್ಡ್ ಸುಬೇದಾರ್. ಬಿಡುಗಡೆ ಟೈಮಲ್ಲಿ ಮೆಡಿಕಲ್ ಬೋರ್ಡು ನನ್ನ ಕಿವಿ ತೊಂದ್ರೆಗೆ 30 ಪರ್ಸೆಂಟ್ ಕೊಟ್ಟು, ಸರ್ವಿಸಿಂದ ಬಂದಿದ್ದಲ್ಲ ಅಂತ ಬರೆದು ಡಿಸೆಬಿಲಿಟಿ ಪೆನ್ಷನ್ ಕಟ್ ಮಾಡಿದ್ರು. ಆ ಸಿಟ್ಟಿಗೇ ಲಾ ಓದಿದ್ದು. ನನ್ನ ಕೇಸು ನಾನೇ ನಡೆಸಿ, ಆಮೇಲೆ ಬೇರೆ ಫೌಜಿಗಳದ್ದೂ ಹಿಡಿಯೋಣ ಅಂತ.
– ಗುಬ್ಬಿ

ಉತ್ತರ: ಸುಬೇದಾರ್ ಸಾಹೇಬ್ರೇ, ಸಿಟ್ಟು ಇರ್ಲಿ, ಆದ್ರೆ ಅರ್ಜಿಲಿ ಅದು ಕಾಣಿಸ್ಬಾರ್ದು. 2007ರ ಕಾಯ್ದೆ ಪ್ರಕಾರ ಸೈನಿಕರ ಸರ್ವಿಸು, ಪೆನ್ಷನ್ ಕೇಸು ಕೇಳೋ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್ ಅಂತ ಇದೆ, 2009ರಿಂದ ಕೆಲ್ಸ ಮಾಡ್ತಿದೆ, ನಮ್ಮ ಕರ್ನಾಟಕದ ಕೇಸು ಕೊಚ್ಚಿ ಬೆಂಚಿಗೆ ಸೇರುತ್ತೆ. ಅಲ್ಲಿ ನೀವೇ ನಿಂತು ವಾದ ಮಾಡ್ಬಹುದು, ಸನ್ನದೂ ಬೇಕಾಗಿಲ್ಲ. ಆದ್ರೆ ಮೊದ್ಲು ಇಲಾಖೆ ಒಳಗಿನ ಅಪೀಲುಗಳನ್ನ ಮುಗಿಸಿರ್ಬೇಕು, ಕೊನೇ ಆದೇಶ ಬಂದ್ಮೇಲೆ ಆರು ತಿಂಗಳೊಳಗೆ ಹೋಗ್ಬೇಕು. ತಡ ಆಗಿದ್ರೆ ಎದೆ ಒಡ್ಕೋಬೇಡಿ, ಪೆನ್ಷನ್ ನಿಲ್ಲಿಸೋದು ತಿಂಗಳು ತಿಂಗಳೂ ಮುಂದುವರಿಯೋ ತಪ್ಪು ಅಂತ ಸುಪ್ರೀಂ ಕೋರ್ಟು 2008ರ ತರ್ಸೇಮ್ ಸಿಂಗ್ ಕೇಸಲ್ಲಿ ನೋಡಿದೆ, ಹಳೇ ಬಾಕಿ ಮಾತ್ರ ಸಾಮಾನ್ಯವಾಗಿ ಅರ್ಜಿಗಿಂತ ಹಿಂದಿನ ಮೂರು ವರ್ಷದ್ದೇ ಸಿಗೋದು.

ನಿಮ್ಮ ಕೇಸಿಗೆ ಮುಖ್ಯ 2013ರ ಧರಂವೀರ್ ಸಿಂಗ್ ತೀರ್ಪು. ಸೇರುವಾಗ ಡಾಕ್ಟ್ರು ಪರೀಕ್ಷೆ ಮಾಡಿ ಫಿಟ್ ಅಂತ ಬರೆದು ತಗೊಂಡಿದ್ದಾರೆ, ಆಗ ಯಾವ ಕಾಯಿಲೆನೂ ಬರೆದಿಟ್ಟಿಲ್ಲ, ಹಂಗಿದ್ಮೇಲೆ ಆಮೇಲೆ ಬಂದಿದ್ದು ಸರ್ವಿಸಿಂದಲೇ ಅಂತ ಅಂದ್ಕೋಬೇಕು, ಅಲ್ಲ ಅಂತ ತೋರಿಸೋ ಹೊರೆ ಸರ್ಕಾರದ್ದು. ಬೋರ್ಡು ಕಾರಣ ಕೊಡದೆ ಒಂದು ಲೈನ್ ಬರೆದು ಕೈ ತೊಳ್ಕೊಂಡಿದ್ರೆ ಅದೇ ನಿಮ್ಮ ಆಯುಧ, ಹಂಗಾಗಿ ಮೆಡಿಕಲ್ ಬೋರ್ಡಿನ ಪ್ರೊಸೀಡಿಂಗ್ಸ್ ಪೂರ್ತಿ ಕಾಪಿ ಮೊದ್ಲು ತರ್ಸಿ. 2014ರ ರಾಮ್ ಅವತಾರ್ ತೀರ್ಪಿನ ಪ್ರಕಾರ ಗೆದ್ದರೆ ಆ 30 ಪರ್ಸೆಂಟು 50 ಅಂತ ಲೆಕ್ಕಕ್ಕೆ ಬರುತ್ತೆ. ಒಂದು ಎಚ್ಚರಿಕೆ, 2023ರ ಸೆಪ್ಟೆಂಬರ್ 21ರಿಂದ ಆಚೆಗೆ ಹೊರಗೆ ಬಂದೋರಿಗೆ ಡಿಸೆಬಿಲಿಟಿ ಪೆನ್ಷನ್ನಿನ ಹೊಸ ನಿಯಮ ಇದೆ, ನೀವು ಯಾವಾಗ ಬಂದ್ರಿ ಅಂತ ಪತ್ರದಲ್ಲಿ ಬರೆದಿಲ್ಲ, ಅದನ್ನ ಮೊದ್ಲು ನೋಡ್ಕೊಳ್ಳಿ. ಟ್ರಿಬ್ಯುನಲ್‌ನಲ್ಲಿ ಸೋತ್ರೆ ಹೈಕೋರ್ಟಿಗೆ ರಿಟ್ ಹಾಕೋ ದಾರಿ ಇದೆ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇನ್ನು ಬೇರೆಯೋರ ಕೇಸು. ಎಲ್ರೂ ಟ್ರಿಬ್ಯುನಲ್, ವಾರ್ ಇಂಜುರಿ ಅಂತ ದೊಡ್ಡದಕ್ಕೇ ಕಣ್ಣು ಹಾಕ್ತಾರೆ, ನನ್ನ ಕೇಳಿದ್ರೆ ನಮ್ಮ ಕಡೆ ತುಂಬಿರೋ ಕೆಲ್ಸ ಬೇರೆ, ಹೆಸರಿನ ಕೆಲ್ಸ. ಗಂಡ ತೀರ್ಕೊಂಡಿರ್ತಾರೆ, ಆಯಮ್ಮ ಫ್ಯಾಮಿಲಿ ಪೆನ್ಷನ್‌ಗೆ ಹೋಗ್ತಾಳೆ, ಆಧಾರಲ್ಲಿ ನರಸಮ್ಮ, ರೇಷನ್ ಕಾರ್ಡಲ್ಲಿ ಲಕ್ಷ್ಮೀನರಸಮ್ಮ, ರೆಕಾರ್ಡ್ ಆಫೀಸಿನಲ್ಲಿ ಯಾವುದೋ ಉತ್ತರದ ಕ್ಲರ್ಕು ಮೂವತ್ತು ವರ್ಷದ ಹಿಂದೆ ನರ್ಸಿಂಗ್ ದೇವಿ ಅಂತ ಬರೆದಿರ್ತಾನೆ. ಹುಟ್ಟಿದ ತಾರೀಖು ಮೂರು ಕಡೆ ಮೂರು. ಫೌಜಿ ಪೆನ್ಷನ್ನಿನ ಸ್ಪರ್ಶ್ ಪೋರ್ಟಲ್ ಒಪ್ಪಲ್ಲ, ಪೆನ್ಷನ್ ಆಫೀಸಿರೋ ಪ್ರಯಾಗ್‌ರಾಜ್‌ಗೆ ಪತ್ರ ಬರೆದ್ರೆ ರೆಕಾರ್ಡ್ಸ್‌ಗೆ ಹೋಗಿ ಅಂತಾರೆ, ರೆಕಾರ್ಡ್ಸ್‌ನವರು ಅಫಿಡವಿಟ್ ಕೇಳ್ತಾರೆ. ಪಿಪಿಒ (ಪೆನ್ಷನ್ ಮಂಜೂರಿ ಆದೇಶ) ಓದೋಕೆ ಬರೋ, ಪಾರ್ಟ್ ಟು ಆರ್ಡರ್ (ಮದುವೆ, ಮಕ್ಕಳ ವಿವರ ಸರ್ವಿಸ್ ದಾಖಲೆಗೆ ಸೇರಿಸೋ ಆದೇಶ) ಅಂದ್ರೆ ಏನು ಅಂತ ಗೊತ್ತಿರೋ ವಕೀಲರು ತಾಲೂಕಿಗೆ ಒಬ್ರು ಸಿಕ್ಕಿದ್ರೆ ಪುಣ್ಯ, ನೀವು ಅದನ್ನ ನಿದ್ದೆಲೂ ಹೇಳ್ತೀರಿ. ಇದ್ರಲ್ಲಿ ದೊಡ್ಡ ಫೀಸು ಇಲ್ಲ. ಆದ್ರೆ ಒಂದು ಹೆಣ್ಮಗಳ ಪೆನ್ಷನ್ ಆದ್ರೆ ಸುತ್ತಮುತ್ತ ಹಳ್ಳಿ ಪೂರ್ತಿ ನಿಮ್ಮ ಆಫೀಸಿಗೆ ಬರುತ್ತೆ, ಜಮೀನು ಕೇಸೂ ಹಿಂದೇನೇ ಬರುತ್ತೆ.

ಪ್ರಶ್ನೆ: ನಾನು ಮಗಳು ಒಂದೇ ಬ್ಯಾಚಲ್ಲಿ ಲಾ ಮುಗಿಸಿದ್ವಿ, ಕ್ಲಾಸಲ್ಲಿ ಅವಳು ಮುಂದಿನ ಬೆಂಚು ನಾನು ಹಿಂದಿನ ಬೆಂಚು. ಆರ್ಮಿಯ ಜ್ಯಾಗ್ ಬ್ರಾಂಚಿಗೆ (ಕಾನೂನು ವಿಭಾಗ) ನಾನು ವಾಪಸ್ ಹೋಗ್ಬಹುದಾ? ಇಲ್ಲಾ ಜಡ್ಜ್ ಪರೀಕ್ಷೆ ಬರೀಲಾ?
– ಮಾಜಿ ಸೈನಿಕ, ಗೌರಿಬಿದನೂರು

ಉತ್ತರ: ಜ್ಯಾಗ್ ನಿಮಗಲ್ಲ, ಮಗಳಿಗೆ. 21ರಿಂದ 27 ವಯಸ್ಸು, ಮದುವೆ ಆಗಿರ್ಬಾರ್ದು, ಎಲ್‌ಎಲ್‌ಬಿಲಿ 55 ಪರ್ಸೆಂಟು, ಮೇಲೆ ಕ್ಲಾಟ್ ಪಿಜಿ ಅನ್ನೋ ಲಾ ಪ್ರವೇಶ ಪರೀಕ್ಷೆ ಬರೆದಿರ್ಬೇಕು. ಹುಡ್ಗೀರಿಗೂ ಇದೆ, ಬರ್ಸಿ. ಅವಳು ಆಯ್ಕೆ ಆದ್ರೆ ನೀವು ಸೆಲ್ಯೂಟ್ ಹೊಡೀಬೇಕಾಗುತ್ತೆ ನೋಡಿ! ಜಡ್ಜ್ ಪರೀಕ್ಷೆಗೆ 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮೂರು ವರ್ಷದ ಪ್ರಾಕ್ಟೀಸ್ ಕಡ್ಡಾಯ, ಹಂಗಾಗಿ ಸದ್ಯಕ್ಕೆ ಅಪ್ಪ ಮಗಳು ಇಬ್ರಿಗೂ ಇಲ್ಲ. ಟ್ರಿಬ್ಯುನಲ್‌ನಲ್ಲಿ ಮಾಜಿ ಸೈನಿಕರು ಮೆಂಬರ್ ಆಗ್ತಾರಲ್ಲ ಅಂತ ಕೆಳಗೆ ಬರೆದಿದ್ದೀರಿ, ಆಗ್ತಾರೆ, ಆದ್ರೆ ಮೇಜರ್ ಜನರಲ್ ರ‍್ಯಾಂಕು, ಅದಕ್ಕೂ ಮೇಲಿನೋರು.

ಪ್ರಶ್ನೆ: ಫೌಜಿಗಳಿಗೆ ನೌಕರಿಲಿ ಮೀಸಲಾತಿ, ಜಮೀನು, ಕ್ಯಾಂಟೀನು ಎಲ್ಲಾ ಇದೆ. ಈಗ ಲಾಯರ್‌ಗಿರಿಗೂ ಬಂದ್ರೆ ನಮ್ಮ ಹುಡುಗ್ರು ಎಲ್ಲಿ ಹೋಗ್ಬೇಕು?
– ಓದುಗ, ಮಾಲೂರು

ಉತ್ತರ: ವಕಾಲತ್ತಿಗೆ ಕೋಟಾ ಇಲ್ಲ ಸ್ವಾಮಿ. ಸಹಿ ಹಾಕೋನು ಪಾರ್ಟಿ, ಅವನಿಗೆ ಬೇಕಾದೋರಿಗೆ ಹಾಕ್ತಾನೆ. ಜಮೀನು ಮಂಜೂರಾಗಿದೆ ಅಂತ ಕಾಗದ ಹಿಡ್ಕೊಂಡು ತಹಸೀಲ್ದಾರ್ ಆಫೀಸು ಸುತ್ತಿ ಸುತ್ತಿ ಸವೆದಿರೋ ಮಾಜಿ ಸೈನಿಕರನ್ನ ಒಂದ್ಸಲ ಮಾತಾಡ್ಸಿ ನೋಡಿ, ಎಲ್ಲಾ ಇದೆ ಅನ್ನೋದು ಎಷ್ಟು ನಿಜ ಅಂತ ಅವ್ರೇ ಹೇಳ್ತಾರೆ.

ಪ್ರಶ್ನೆ: ಆಫೀಸ್ ಬೋರ್ಡಲ್ಲಿ ‘ಮಾಜಿ ಸುಬೇದಾರ್, ಪೆನ್ಷನ್ ಕೇಸ್ ಸ್ಪೆಷಲಿಸ್ಟ್’ ಅಂತ ಹಾಕ್ಸಿ, ಕೋಟಿನ ಮೇಲೆ ಮೆಡಲ್ ಹಾಕ್ಕೋಬಹುದಾ?
– ಶಿರಾ

ಉತ್ತರ: ಎರಡೂ ಬೇಡ. ಬಾರ್ ಕೌನ್ಸಿಲ್ ನಿಯಮ 36 ಪ್ರಕಾರ ಬೋರ್ಡು ಹದವಾದ ಸೈಜಲ್ಲಿರ್ಬೇಕು, ಇಂಥ ಕೇಸಿನ ಸ್ಪೆಷಲಿಸ್ಟ್ ಅಂತ ಬರ್ಕೊಳ್ಳಂಗಿಲ್ಲ, ಹಳೇ ಹುದ್ದೆ ಮೆರೆಸೋದೂ ಅಲ್ಲಿ ಒಪ್ಪೋ ಮಾತಲ್ಲ. ಡ್ರೆಸ್ ನಿಯಮದಲ್ಲಿರೋದು ಕರಿಕೋಟು, ಬಿಳಿ ಶರ್ಟು, ಬಿಳಿ ಬ್ಯಾಂಡು, ಗೌನು, ಮೆಡಲ್ ಹೆಸರೇ ಇಲ್ಲ. ಬೋರ್ಡಿಗೆ ನಿಮ್ಮ ಹೆಸರು, ಡಿಗ್ರಿ, ಅಡ್ವೊಕೇಟ್ ಅಂತ ಸಾಕು. ನೀವು ಫೌಜಿ ಅನ್ನೋದನ್ನ ಶಿರಾ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯೋರೇ ಎಲ್ರಿಗೂ ಹೇಳ್ತಾರೆ ಬಿಡಿ.