ಓದುಗರ ಪ್ರಶ್ನೆ: ಸಭೆಯೇ ವಿಸರ್ಜನೆಯಾದ ಮೇಲೆ ಸಭಾಧ್ಯಕ್ಷರು ಯಾರು?

ಪ್ರಶ್ನೆ: ಮಾನ್ಯರೇ, 2023ರ ಮೇ ತಿಂಗಳ ಚುನಾವಣೆಯಲ್ಲಿ ಆಗಿನ ವಿಧಾನಸಭಾಧ್ಯಕ್ಷರಾದ ವಿಶ್ವೇಶ್ವರ ಹೆಗಡೆ ಕಾಗೇರಿಯವರು ಶಿರಸಿಯಲ್ಲಿ ಸೋತರು. ಸೋತ ಮೇಲೂ ಹೊಸ ಸಭೆ ಸೇರುವವರೆಗೆ ಅವರೇ ಸಭಾಧ್ಯಕ್ಷರಾಗಿದ್ದರೆಂದು ನನ್ನ ಸ್ನೇಹಿತರೊಬ್ಬರು ವಾದಿಸುತ್ತಾರೆ. ಶಾಸಕರೇ ಅಲ್ಲದವರು ಆ ಸ್ಥಾನದಲ್ಲಿ ಮುಂದುವರಿಯಲು ಸಾಧ್ಯವೇ? ಲೋಕಸಭೆಗೂ ಇದೇ ನಿಯಮವೇ? – ಓದುಗರೊಬ್ಬರು, ಮದ್ದೂರು

ಉತ್ತರ: ನಿಮ್ಮ ಸ್ನೇಹಿತರ ಮಾತು ಸರಿ. ಸದಸ್ಯತ್ವ ಹೋದರೆ ಸಭಾಧ್ಯಕ್ಷ ಸ್ಥಾನವೂ ಹೋಗುತ್ತದೆ ಎಂಬುದು ಸಾಮಾನ್ಯ ನಿಯಮವೇ ಹೌದು. ಆದರೆ ಸಭೆ ವಿಸರ್ಜನೆಯಾದಾಗ ಮಾತ್ರ, ಹೊಸ ಸಭೆ ಮೊದಲ ಬಾರಿ ಸೇರುವುದಕ್ಕೆ ತುಸು ಮುಂಚಿನವರೆಗೂ ಹಿಂದಿನ ಸಭಾಧ್ಯಕ್ಷರು ಸ್ಥಾನ ತೆರವು ಮಾಡತಕ್ಕದ್ದಲ್ಲ ಎಂಬ ಪರಂತುಕವನ್ನು, ಅಂದರೆ ನಿಯಮಕ್ಕೆ ಜೋಡಿಸಿದ ವಿನಾಯಿತಿಯನ್ನು, ಸಂವಿಧಾನವು ಲೋಕಸಭೆಗೆ 94ನೆಯ ಅನುಚ್ಛೇದದಲ್ಲಿಯೂ ವಿಧಾನಸಭೆಗೆ 179ನೆಯ ಅನುಚ್ಛೇದದಲ್ಲಿಯೂ ಸೇರಿಸಿದೆ. ಅವರು ಚುನಾವಣೆಯಲ್ಲಿ ಗೆದ್ದರೇ, ಸೋತರೇ, ಸ್ಪರ್ಧಿಸಲೇ ಇಲ್ಲವೇ ಎಂಬುದನ್ನು ಈ ಪರಂತುಕ ಕೇಳುವುದಿಲ್ಲ.

ಸೇರಲು ಸಭೆಯೇ ಇಲ್ಲದಿರುವಾಗ ಅಧ್ಯಕ್ಷರೇಕೆ ಎಂಬ ಅನುಮಾನ ಸಹಜ. ಸಭೆ ವಿಸರ್ಜನೆಯಾದರೂ ಅದರ ಸಚಿವಾಲಯ, ಕಡತಗಳು, ಸಿಬ್ಬಂದಿ ಇದ್ದೇ ಇರುತ್ತಾರೆ. ಅವುಗಳ ಮೇಲಿನ ಅಧಿಕಾರ ಆ ದಿನಗಳಲ್ಲಿ ಸರ್ಕಾರದ ಕೈಗೆ ಜಾರದಂತೆ ಈ ಏರ್ಪಾಟು ತಡೆಯುತ್ತದೆ. ನನ್ನ ದೃಷ್ಟಿಯಲ್ಲಿ ಇದರ ಮುಖ್ಯ ಪ್ರಯೋಜನ ಅದೇ. ಈ ನಡುವಿನ ಅವಧಿ ಯಾವಾಗಲೂ ಕೆಲವೇ ದಿನಗಳದ್ದಾಗಿರುವುದಿಲ್ಲ. 1979ರ ಆಗಸ್ಟ್‌ನಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅಧ್ಯಕ್ಷರಾಗಿದ್ದವರು ನಮ್ಮ ರಾಜ್ಯದ ಕೆ.ಎಸ್. ಹೆಗ್ಡೆಯವರು, ಚರಣ್ ಸಿಂಗ್ ಅವರ ಉಸ್ತುವಾರಿ ಸರ್ಕಾರದ ಆ ತಿಂಗಳುಗಳನ್ನೆಲ್ಲ ದಾಟಿ 1980ರ ಜನವರಿಯವರೆಗೆ ಅವರೇ ಸ್ಥಾನದಲ್ಲಿದ್ದರು. ನಮ್ಮ ಭಾಗದ ನಿದರ್ಶನವೇ ಬೇಕೆಂದರೆ, ಅಂದು ಮೈಸೂರು ಜಿಲ್ಲೆಗೆ ಸೇರಿದ್ದ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರಿದ್ದಾರೆ. ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಅಧ್ಯಕ್ಷರಾದ ಅವರ ಅವಧಿಯಲ್ಲಿಯೇ, 1977ರ ಕೊನೆಯಲ್ಲಿ, ರಾಷ್ಟ್ರಪತಿ ಆಳ್ವಿಕೆ ಜಾರಿಯಾಗಿ ದೇವರಾಜ ಅರಸು ಅವರ ಸರ್ಕಾರವೂ ಸಭೆಯೂ ಒಟ್ಟಿಗೆ ಹೋದವು. ಮರುವರ್ಷ ಹೊಸ ಸಭೆ ಬರುವವರೆಗೆ ಅಧ್ಯಕ್ಷ ಸ್ಥಾನಕ್ಕೆ ಇದೇ ಪರಂತುಕದ ಆಸರೆ ಇತ್ತು.

ಹೊಸ ಸಭೆ ಕೂಡುವ ಹೊತ್ತಿಗೆ ಹಳಬರು ಇಳಿದಿರುತ್ತಾರೆ, ಹೊಸಬರ ಆಯ್ಕೆ ಆಗಿರುವುದಿಲ್ಲ. ಅಲ್ಲಿಗೆ ಬರುವವರೇ ಹಂಗಾಮಿ ಸಭಾಧ್ಯಕ್ಷರು. ಇವರನ್ನು ಲೋಕಸಭೆಗೆ ರಾಷ್ಟ್ರಪತಿಗಳು, ವಿಧಾನಸಭೆಗೆ ರಾಜ್ಯಪಾಲರು ನೇಮಿಸುತ್ತಾರೆ. ಸದಸ್ಯರಿಗೆ ಪ್ರಮಾಣವಚನ ಬೋಧಿಸಿ ಅಧ್ಯಕ್ಷರ ಆಯ್ಕೆ ನಡೆಸಿಕೊಟ್ಟರೆ ಅವರ ಕೆಲಸ ಮುಗಿಯಿತು. 2023ರಲ್ಲಿ ಆರ್.ವಿ. ದೇಶಪಾಂಡೆಯವರು ಇದನ್ನು ನಿರ್ವಹಿಸಿದರು, ಮೇ 24ರಂದು ಯು.ಟಿ. ಖಾದರ್ ಆಯ್ಕೆಯಾದರು. ಅತಿ ಹಿರಿಯ ಸದಸ್ಯರನ್ನೇ ನೇಮಿಸುವುದು ಸಂಪ್ರದಾಯವೇ ಹೊರತು ಸಂವಿಧಾನದ ಕಟ್ಟಳೆಯಲ್ಲ. 2024ರ ಜೂನ್‌ನಲ್ಲಿ ಕೇರಳದ ಕೆ. ಸುರೇಶ್ ಅವರನ್ನು ಬಿಟ್ಟು ಒಡಿಶಾದ ಭರ್ತೃಹರಿ ಮಹತಾಬ್ ಅವರನ್ನು ನೇಮಿಸಿದಾಗ ಗದ್ದಲವೆದ್ದುದು ಈ ಕಾರಣಕ್ಕೆ.

ಉಪಸಭಾಧ್ಯಕ್ಷರಿಗೆ ಮಾತ್ರ ಈ ರಕ್ಷಣೆ ಇಲ್ಲ. ಪರಂತುಕ ಅಧ್ಯಕ್ಷರೊಬ್ಬರನ್ನೇ ಹೆಸರಿಸುವುದರಿಂದ, ಸಭೆ ವಿಸರ್ಜನೆಯಾದ ಕ್ಷಣವೇ ಉಪಸಭಾಧ್ಯಕ್ಷರ ಸ್ಥಾನ ತೆರವಾಗುತ್ತದೆ. ಈ ಮಧ್ಯೆ ಅಧ್ಯಕ್ಷರೂ ತೀರಿಕೊಂಡರೆ ಏನು ಗತಿ? ಸದಸ್ಯರೊಬ್ಬರನ್ನು ನೇಮಿಸಿ ಎನ್ನುತ್ತದೆ ಸಂವಿಧಾನ. ವಿಸರ್ಜಿತ ಸಭೆಯಲ್ಲಿ ಸದಸ್ಯರೇ ಇರುವುದಿಲ್ಲ. ಇದೊಂದು ಬಿರುಕೆಂದೇ ನನ್ನ ಭಾವನೆ. ಇಡೀ 17ನೆಯ ಲೋಕಸಭೆ ಉಪಸಭಾಧ್ಯಕ್ಷರೇ ಇಲ್ಲದೆ ಅವಧಿ ಮುಗಿಸಿತೆಂಬುದನ್ನು ನೋಡಿದರೆ, ಇದನ್ನು ತುಂಬುವ ಅವಸರ ಯಾರಿಗೂ ಇದ್ದಂತಿಲ್ಲ.

ಪ್ರಶ್ನೆ: ವಿಧಾನ ಪರಿಷತ್ತಿನ ಸಭಾಪತಿಗಳೂ ಸಾರ್ವತ್ರಿಕ ಚುನಾವಣೆ ಬಂದಾಗ ಬದಲಾಗಬೇಕೇ? – ಓದುಗರೊಬ್ಬರು, ಸರಸ್ವತೀಪುರಂ, ಮೈಸೂರು

ಉತ್ತರ: ಬೇಕಿಲ್ಲ. ಪರಿಷತ್ತು ವಿಸರ್ಜನೆಯಾಗುವ ಸದನವಲ್ಲ. ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ, ಅಷ್ಟೆ. ಸಭಾಪತಿಗಳ ಸ್ವಂತ ಸದಸ್ಯತ್ವ ಮುಗಿದರೆ, ಅವರೇ ರಾಜೀನಾಮೆ ಕೊಟ್ಟರೆ ಅಥವಾ ಪರಿಷತ್ತು ನಿರ್ಣಯದ ಮೂಲಕ ಅವರನ್ನು ತೆಗೆದುಹಾಕಿದರೆ ಅವರ ಸ್ಥಾನ ತೆರವಾಗುತ್ತದೆ. ರಾಜ್ಯಸಭೆಯಲ್ಲಂತೂ ಉಪರಾಷ್ಟ್ರಪತಿಗಳೇ ಪದನಿಮಿತ್ತ ಸಭಾಪತಿಗಳಾಗಿರುವುದರಿಂದ ಲೋಕಸಭಾ ಚುನಾವಣೆಗೂ ಆ ಪೀಠಕ್ಕೂ ಸಂಬಂಧವಿಲ್ಲ.